ಇಂಜಿನ್ನಿನ ಮುಖದ ಗೆರೆಗಳು

ಯಾವುದೇ ಇಂಜಿನ್ನನ್ನು ಪರೀಕ್ಷಿಸುವ ಮೊದಲು ಚೌರಪ್ಪನವರು ತಮ್ಮ ಕನ್ನಡಕ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಬೇರೆಯವರು ಏನನ್ನಾದರೂ ಸರಿಯಾಗಿ ನೋಡಬೇಕೆಂದರೆ ಕನ್ನಡಕ ಹುಡುಕುತ್ತಾರೆ. ಇವರು ತೆಗೆಯುತ್ತಿದ್ದರು. ಅದು ಅಲ್ಲೇ ಇದೆಯಲ್ಲ ಎಂದು ಜೇಬಿನ ಮೇಲೆ ಒಮ್ಮೆ ತಟ್ಟಿ ನೋಡಿಕೊಂಡು, ಆಮೇಲೆ ಹೆಬ್ಬೆರಳನ್ನು ಕಬ್ಬಿಣದ ಮೇಲೆ ಇಡುತ್ತಿದ್ದರು.

ಕಾವೇರಿಯ ದಂಡೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಹಳೆಯ ಅಮೆರಿಕನ್ ಕಾರು ಇಟ್ಟುಕೊಂಡವರು ದೂರದೂರದಿಂದ ಅಲ್ಲಿಗೆ ಬರುತ್ತಿದ್ದರು. ರಿಪೇರಿಗೆ ಬರುವವರು ಕಡಿಮೆ. ಒಂದು ಮಾತು ಕೇಳಿಕೊಂಡು ಹೋಗಲು ಬರುವವರೇ ಹೆಚ್ಚು.

ಆ ಮಾತು ಎರಡರಲ್ಲಿ ಒಂದು. “ಮಗಳು.” ಇಲ್ಲವೇ “ಸೊಸೆ.”

ಕಾರಿನ ಜೊತೆಗೇ ಹುಟ್ಟಿ ಬಂದ ಇಂಜಿನ್ನು ಮಗಳು. ಆಮೇಲೆ ಎಲ್ಲಿಂದಲೋ ತಂದು ಕೂರಿಸಿದ್ದು ಸೊಸೆ.

ಜಿನದತ್ತ ಅವರ ಶಿಷ್ಯ. ಅವನ ಕನ್ನಡಕದ ಗಾಜು ಗುರುಗಳದ್ದಕ್ಕಿಂತ ದಪ್ಪ. ಯಾವ ವರ್ಷದ ಯಾವ ಕಾರಿನ ಇಂಜಿನ್ನಿಗೆ ಯಾವ ಅಕ್ಷರ, ಯಾವ ಅಂಕಿ ಎಂಬುದೆಲ್ಲ ಅವನಿಗೆ ಬಾಯಿಪಾಠ.

ಚೌರಪ್ಪನವರಿಗೆ ಅದು ಹೆಮ್ಮೆಯ ವಿಷಯವೇ. “ನಂಬರ್ ಕೇಳೋದಿದ್ರೆ ಇವನನ್ನ ಕೇಳಿ. ನನಗೆ ನನ್ನ ಫೋನ್ ನಂಬರೇ ನೆನಪಿರಲ್ಲ” ಎಂದು ಬಂದವರಿಗೆ ಹೇಳುತ್ತಿದ್ದರು.

ಆದರೆ ಜಿನದತ್ತನಿಗೆ ಬೇಕಾಗಿದ್ದುದು ಬೇರೆ. ಆ ಒಂದು ಮಾತನ್ನು ತಾನು ಹೇಳಬೇಕು. ಹೇಳಿದ್ದನ್ನು ಜನ ನಂಬಿ ಹೋಗಬೇಕು.

ಒಂದು ದಿನ ಅವನೂ ಇಂಜಿನ್ನಿನ ಮುಂದೆ ನಿಂತು ಕನ್ನಡಕ ತೆಗೆದ.

“ಹಾಕ್ಕೊ” ಎಂದರು ಚೌರಪ್ಪ.

“ನೀವು ತೆಗೀತೀರಲ್ಲ ಗುರುಗಳೇ?”

“ಮಾತು ಹೇಳೋನು ತೆಗೀತಾನೆ. ನೀನಿನ್ನೂ ಓದೋನು. ಓದೋಕೆ ಕನ್ನಡಕ ಬೇಕು.”

“ನಾನು ಹೇಳೋದು ಯಾವಾಗ?”

“ಟೀ ಆರ್ತಾ ಇದೆ. ಕುಡಿ.”

ಇನ್ನೊಂದು ದಿನ ಯಾರೋ ಒಬ್ಬರು ಥಳಥಳ ಹೊಳೆಯುವ ಕೆಂಪು ಕಾರು ತಂದರು. ಬಾನೆಟ್ ಎತ್ತಿದರೆ ಒಳಗೂ ಥಳಥಳ.

ಆ ಕಾರಿಗೆ ಕಾರ್ಖಾನೆಯಲ್ಲಿ ಎರಡು ಬಗೆಯ ಇಂಜಿನ್ನು ಹಾಕುತ್ತಿದ್ದರು. ಒಂದು ಸಾಧು, ಒಂದು ಓಟದ್ದು. ಹೊರಗಿನಿಂದ ಎರಡೂ ಒಂದೇ ಥರ. ಓಟದ್ದು ಬಲು ಅಪರೂಪ, ಅದಕ್ಕೇ ಎಲ್ಲರಿಗೂ ಅದೇ ಬೇಕು. ಯಾವುದು ಯಾವುದೆಂದು ತಿಳಿಯಲು ಇಂಜಿನ್ನಿನ ಮುಂಭಾಗದಲ್ಲಿ ಬೆರಳಗಲದ ಒಂದು ಪಟ್ಟಿ ಇರುತ್ತದೆ. ಅದರ ಮೇಲೆ ಒತ್ತಿದ ಅಕ್ಷರಗಳು. ಆ ಪಟ್ಟಿಯನ್ನು ಶೆಡ್ಡಿನಲ್ಲಿ ‘ಮುಖ’ ಎಂದು ಕರೆಯುತ್ತಿದ್ದರು.

ಜಿನದತ್ತ ಬಗ್ಗಿ ಓದಿದ. “ಓಟದ್ದೇ ಗುರುಗಳೇ! ಅಕ್ಷರ ಸರಿ, ಅಂಕಿ ಸರಿ. ವರ್ಷವೂ ಕೂಡಿ ಬರುತ್ತೆ.”

ಚೌರಪ್ಪ ಕನ್ನಡಕ ತೆಗೆದರು. ಜೇಬು ತಟ್ಟಿದರು. ಹೆಬ್ಬೆರಳಿಟ್ಟರು.

“ಸೊಸೆ. ಮಗಳ ಸೀರೆ ಉಡಿಸಿದ್ದಾರೆ.”

ಕಾರಿನವರು ಮುಖ ಸಣ್ಣದು ಮಾಡಿಕೊಂಡು ಹೊರಟುಹೋದರು. ಜಿನದತ್ತ ಸುಮ್ಮನಿರಲಿಲ್ಲ.

“ಒಂದು ಅಂಕಿಯಾದರೂ ತಪ್ಪಿತ್ತಾ ಗುರುಗಳೇ?”

“ಇರಲಿಲ್ಲ.”

“ಮತ್ತೆ?”

ಚೌರಪ್ಪ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಬಿರುಕು ಬಿಟ್ಟ ಹಳೆಯ ಇಂಜಿನ್ ಬ್ಲಾಕೊಂದು ಮಣ್ಣಲ್ಲಿ ಕೂತಿತ್ತು. ಕೋಳಿಯೊಂದು ಅದರ ಸಿಲಿಂಡರಿನ ತೂತಿನಲ್ಲಿ ಮೊಟ್ಟೆ ಇಡುತ್ತಿತ್ತು. ಅದನ್ನು ಉಶ್ ಎಂದು ಎಬ್ಬಿಸಿ, ಶಿಷ್ಯನ ಕೈ ಹಿಡಿದು ಬ್ಲಾಕಿನ ಮುಖದ ಮೇಲೆ ಇಟ್ಟರು.

“ಏನು ಸಿಕ್ತು?”

“ಕೋಳಿ ಪುಕ್ಕ.”

“ಅದನ್ನ ಊದು. ಉಗುರಲ್ಲಿ ನೋಡು.”

ಜಿನದತ್ತ ಉಗುರಿನಿಂದ ಮೆಲ್ಲಗೆ ಸವರಿದ. “ಗೆರೆಗಳಿವೆ. ತುಂಬಾ ಸಣ್ಣವು. ಎಲ್ಲ ಒಂದೇ ದಿಕ್ಕಿಗೆ.”

“ಕಾರ್ಖಾನೆಯ ಯಂತ್ರ ಮುಖವನ್ನ ಕೆತ್ತಿ ಸಮ ಮಾಡಿದಾಗ ಉಳಿದದ್ದು ಅವು. ಅಕ್ಷರ ಒತ್ತಿದ್ದು ಅವುಗಳ ಮೇಲೆ. ಅಕ್ಷರವನ್ನ ಯಾರು ಬೇಕಾದರೂ ಹೊಡೀಬಹುದು, ಒಂದು ಸುತ್ತಿಗೆ ಇದ್ದರೆ ಆಯ್ತು. ಆದರೆ ಹೊಸದು ಹೊಡೆಯೋಕೆ ಮೊದಲು ಹಳೇದನ್ನ ಉಜ್ಜಿ ತೆಗೀಬೇಕಲ್ಲ?”

“ಉಜ್ಜಿದರೆ ಗೆರೆ ಹೋಗುತ್ತೆ!”

“ಬಾ, ಕೋಳಿಗೆ ಜಾಗ ಬಿಡು.”

ಪೊನ್ನವ್ವ ಬಂದದ್ದು ಆಮೇಲೆ.

ಕೊಡಗಿನಿಂದ ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಹಾಗಲಕಾಯಿ ಬಣ್ಣದ, ದೋಣಿಯಷ್ಟು ಉದ್ದದ ಕಾರು. ಅದರ ಸದ್ದು ಸೇತುವೆಯ ಮೇಲಿದ್ದಾಗಲೇ ಶೆಡ್ಡಿಗೆ ಕೇಳಿತ್ತು.

“ಇದು ನಮ್ಮ ಮಾವನದ್ದು” ಎಂದರು, ಒಂದು ಚೀಲ ಕಿತ್ತಳೆಯನ್ನು ಬೆಂಚಿನ ಮೇಲೆ ಇಳಿಸುತ್ತ. “ಸ್ವದೇಶಕ್ಕೆ ಹೊರಟಿದ್ದ ಯಾರೋ ದೊರೆಯಿಂದ ತಗೊಂಡರಂತೆ. ಓಟದ ಇಂಜಿನ್ನು ಅಂತ ಊರೆಲ್ಲ ಹೇಳಿಕೊಂಡು ತಿರುಗಿದರು. ಕುಡಿಯೋದರಲ್ಲಿ ಇದೂ ಅವರೂ ಸಮಸಮ.”

“ಈಗ ಏನು ಅನುಮಾನ ಅಮ್ಮ?”

“ಅನುಮಾನ ನನಗಲ್ಲ, ನನ್ನ ಮೈದುನ ಉತ್ತಯ್ಯನಿಗೆ. ಮಾವ ಕಾಯಿಲೆ ಬಿದ್ದಾಗ ಒಂದು ಮಳೆಗಾಲ ಪೂರ್ತಿ ಕಾರು ಯಾವುದೋ ಗ್ಯಾರೇಜಲ್ಲಿ ನಿಂತಿತ್ತು. ಅಲ್ಲಿ ಇಂಜಿನ್ನು ಬದಲಾಗಿದೆ, ಅಪ್ಪ ಮರ್ಯಾದೆಗೆ ಅಂಜಿ ಸುಳ್ಳು ಹೇಳಿದ ಅನ್ನೋದು ಅವನ ವಾದ. ಪ್ರತಿ ಹಬ್ಬದ ಊಟದಲ್ಲೂ ಅದೇ ಮಾತು. ಸತ್ತವರನ್ನ ಸುಳ್ಳುಗಾರ ಅಂದರೆ ನನಗೆ ಅನ್ನ ಇಳಿಯಲ್ಲ.”

ಭಾನುವಾರ ಮೈಸೂರಿನ ಮೈದಾನದಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಹುಟ್ಟಿದ ಇಂಜಿನ್ನೇ ಇರುವ ಕಾರುಗಳಿಗೆ ಮೊದಲ ಸಾಲು. ಬದಲಾದವಕ್ಕೆ ಹಿಂದಿನ ಸಾಲು. ಪರೀಕ್ಷಕರೇ ಮುಖ ನೋಡಿ ಸಾಲು ಹೇಳುತ್ತಾರೆ. ಉತ್ತಯ್ಯನೂ ಅಲ್ಲಿಗೆ ಬರುವವನಿದ್ದ.

“ಮೊದಲ ಸಾಲಲ್ಲಿ ನಿಲ್ಲಿಸಿ ಅವನಿಗೆ ಒಂದು ಕಿತ್ತಳೆ ಸುಲಿದು ಕೊಡಬೇಕು ನಾನು. ಅಷ್ಟೇ ನನ್ನ ಆಸೆ” ಎಂದರು ಪೊನ್ನವ್ವ.

“ಸೊಸೆ ಆಗಿದ್ದರೆ?” ಎಂದು ಜಿನದತ್ತ ಕೇಳಿ, ಶೆಡ್ಡಿನ ಮಾತನ್ನು ಅವರಿಗೆ ಬಿಡಿಸಿ ಹೇಳಿದ.

ಪೊನ್ನವ್ವ ಹುಬ್ಬು ಏರಿಸಿದರು. “ಯಾಕಪ್ಪ, ಸೊಸೆಗೆ ಏನಾಗಿದೆ? ನಾನೂ ಆ ಮನೆಗೆ ಸೊಸೆಯಾಗಿ ಬಂದವಳೇ. ಈ ಕಾರನ್ನ ಇಷ್ಟು ವರ್ಷ ಓಡಿಸಿದ್ದು ಮಗನಲ್ಲ, ಸೊಸೆ.”

“ಅದು ಬೈಗುಳ ಅಲ್ಲಮ್ಮ” ಎಂದು ಚೌರಪ್ಪ ನಕ್ಕರು. “ಸೊಸೆಯನ್ನ ಸೊಸೆ ಅಂದರೆ ತಪ್ಪಿಲ್ಲ. ಮಗಳು ಅಂತ ಪರಿಚಯ ಮಾಡಿಸಿದರೆ ಗಲಾಟೆ.”

ಇಂಜಿನ್ನಿನ ಮುಂದೆ ಅಡ್ಡವಿದ್ದುದನ್ನೆಲ್ಲ ಬಿಚ್ಚಿದರು. ಮುಖದ ಮೇಲೆ ಗಟ್ಟಿಯಾದ ಜಿಡ್ಡು, ತುಕ್ಕು. ಚೌರಪ್ಪ ಕನ್ನಡಕ ತೆಗೆದು, ಸೀಮೆಎಣ್ಣೆ ಬಟ್ಟೆಯಿಂದ ಒಂದು ಮೂಲೆ ಒರೆಸಿ, ಉಗುರು ಆಡಿಸಿದರು. ಅವರ ಮುಖದಲ್ಲಿ ಸಣ್ಣಗೆ ನಗು ಮೂಡಿ ಹೋಯಿತು.

“ನಾಡಿದ್ದು ಬನ್ನಿ ಅಮ್ಮ. ಪೂರ್ತಿ ತೊಳೆದು ನೋಡಿ ಹೇಳ್ತೀನಿ.”

ಪೊನ್ನವ್ವ ಬಸ್ಸಿನಲ್ಲಿ ಮೈಸೂರಿನ ತಂಗಿಯ ಮನೆಗೆ ಹೋದರು. ಚೌರಪ್ಪನವರಿಗೂ ಮೊಮ್ಮಗನ ನಾಮಕರಣಕ್ಕೆ ಹೋಗಬೇಕಿತ್ತು.

“ಸೀಮೆಎಣ್ಣೆಯಲ್ಲಿ ತೊಳೆದು ಇಡು” ಎಂದರು ಶಿಷ್ಯನಿಗೆ.

ಜಿನದತ್ತ ತೊಳೆದ. ಅಕ್ಷರಗಳು ಕಂಡವು. ಓಟದ ಇಂಜಿನ್ನಿನ ಅಕ್ಷರಗಳೇ! ಆದರೆ ಒಂದೊಂದರ ಹೊಟ್ಟೆಯಲ್ಲೂ ತುಕ್ಕು. ಪರೀಕ್ಷಕರಿಗೆ ಓದಲು ಕಷ್ಟವಾದರೆ? ಆ ಅಮ್ಮ ಅಷ್ಟು ದೂರದಿಂದ ಬಂದಿದ್ದಾರೆ. ಅವರ ಆಸೆ ಒಂದು ಕಿತ್ತಳೆ ಸುಲಿದು ಕೊಡುವುದು.

ಅವನು ತುಕ್ಕು ಉಜ್ಜುವ ಎಮರಿ ಪೇಪರ್ ತಂದ.

ಮರುದಿನ ಚೌರಪ್ಪ ಸಿಹಿಯ ಡಬ್ಬಿ ಹಿಡಿದುಕೊಂಡು ಬಂದಾಗ ಅವನು ಬಾಗಿಲಲ್ಲೇ ಕಾದಿದ್ದ.

“ಬನ್ನಿ ಗುರುಗಳೇ, ಮುಖ ನೋಡಿ!”

ಚೌರಪ್ಪ ಕನ್ನಡಕ ತೆಗೆದು ಹೆಬ್ಬೆರಳಿಟ್ಟರು. ಬೆರಳು ಅತ್ತಿಂದಿತ್ತ ಹೋಯಿತು. ಎಲ್ಲೂ ತಡೆಯಲಿಲ್ಲ.

“ನುಣ್ಣಗಿದೆ” ಎಂದರು.

“ಹೌದು ಗುರುಗಳೇ!”

“ಕನ್ನಡಿ ಹಾಗಿದೆ.”

“ಮಧ್ಯಾಹ್ನವೆಲ್ಲ ಉಜ್ಜಿದೆ!”

“ಬಗ್ಗಿ ನೋಡು. ಯಾರು ಕಾಣ್ತಾರೆ?”

ಜಿನದತ್ತ ಬಗ್ಗಿದ. “ನಾನೇ.”

“ನಿನ್ನೆ ಕಾರು ಕಾಣ್ತಿತ್ತು.”

ಜಿನದತ್ತನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವನು ಅಲ್ಲೇ ಟೈರಿನ ಮೇಲೆ ಕುಸಿದು ಕೂತ.

“ಗೆರೆ ಇತ್ತಾ ಗುರುಗಳೇ?”

“ಇತ್ತು. ಮಗಳೇ.”

“ಈಗ?”

“ಈಗಲೂ ಮಗಳೇ. ಆದರೆ ಸೊಸೆಗೆ ಮಗಳ ಸೀರೆ ಉಡಿಸೋರನ್ನ ನೋಡಿದ್ದೆ. ಮಗಳನ್ನ ಹಿಡಿದು ಸೊಸೆ ಮಾಡಿದೋನು ನೀನೇ ಮೊದಲು.” ಡಬ್ಬಿ ಮುಂದೆ ಹಿಡಿದರು. “ತಗೋ, ಮೈಸೂರುಪಾಕು.”

ಜಿನದತ್ತ ತೆಗೆದುಕೊಳ್ಳಲಿಲ್ಲ. ಆ ದಿನ ಅವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಸಂಜೆಯ ಹೊತ್ತಿಗೆ ಅವನಿಗೊಂದು ಉಪಾಯ ಹೊಳೆಯಿತು.

ಹಿತ್ತಲಿನ ಕೋಳಿ ಬ್ಲಾಕಿನ ಇನ್ನೊಂದು ಬದಿ ನುಣ್ಣಗೆ ಸವೆದಿತ್ತು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ತುಂಡು, ಗೆರೆ ನೇರ ಬರಲು ಒಂದು ಕಬ್ಬಿಣದ ಪಟ್ಟಿ ಹಿಡಿದು ಅಲ್ಲಿ ಕೂತ. ಗೆರೆ ಎಳೆದ. ಉಜ್ಜಿ ತೆಗೆದ. ಮತ್ತೆ ಎಳೆದ. ಮರುದಿನ ಬೆಳಿಗ್ಗೆ ಗುರುಗಳನ್ನು ಕರೆತಂದು ತೋರಿಸಿದ.

“ಒಮ್ಮೆ ಮುಟ್ಟಿ ನೋಡಿ.”

ಚೌರಪ್ಪ ಮುಟ್ಟಿದರು. “ಅಬ್ಬಾ. ಕೈ ಚೆನ್ನಾಗಿದೆ ನಿಂದು.”

“ಆ ಅಮ್ಮನ ಇಂಜಿನ್ನಿಗೂ ಹೀಗೇ ಎಳೆದುಬಿಡ್ತೀನಿ ಗುರುಗಳೇ. ಇದು ಸುಳ್ಳಲ್ಲ ಅಲ್ಲವಾ? ಇರೋದನ್ನೇ ಮತ್ತೆ ಬರೆಯೋದು. ಅದು ನಿಜವಾಗಲೂ ಮಗಳೇ ಅಲ್ಲವಾ?”

“ಮಗಳೇ.”

“ಮತ್ತೆ ಎಳೀಲಾ?”

ಚೌರಪ್ಪ ಬ್ಲಾಕಿನ ಅಂಚಿನ ಮೇಲೆ ಕೂತರು. ಕೋಳಿ ಅವರ ಚಪ್ಪಲಿಯನ್ನು ಕುಟುಕಿ ನೋಡಿತು.

“ಎಳೆಯುವಾಗ ಏನು ಯೋಚನೆ ಮಾಡ್ತಿದ್ದೆ?”

“ಪರೀಕ್ಷಕರು ಬಂದು ನೋಡ್ತಾರಲ್ಲ, ಅವರಿಗೆ ಗೊತ್ತಾಗಬಾರದು ಅಂತ.”

“ಕಾರ್ಖಾನೆಯಲ್ಲಿ ಆ ಯಂತ್ರ ನಡೆಸ್ತಿದ್ದೋನು ಏನು ಯೋಚನೆ ಮಾಡ್ತಿದ್ದ?”

ಜಿನದತ್ತ ತಲೆ ಕೆರೆದುಕೊಂಡ. “ಏನೂ ಇಲ್ಲ ಅನ್ಸುತ್ತೆ. ಊಟದ ಗಂಟೆ ಯಾವಾಗ ಹೊಡೆಯುತ್ತೆ ಅಂತ ಇರಬಹುದು.”

“ಅದೇ ನಾನು ಬೆರಳಲ್ಲಿ ಹುಡುಕೋದು” ಎಂದರು ಚೌರಪ್ಪ. “ಊಟದ ಗಂಟೆ.”

ಜಿನದತ್ತ ಬ್ಲೇಡನ್ನು ಒಮ್ಮೆ ನೋಡಿದ, ಗೆರೆಗಳನ್ನು ಒಮ್ಮೆ ನೋಡಿದ. ಎಮರಿ ಪೇಪರ್ ತೆಗೆದುಕೊಂಡು ತಾನು ಎಳೆದದ್ದನ್ನೆಲ್ಲ ತಾನೇ ಉಜ್ಜಿ ಅಳಿಸಿದ.

“ಆ ಅಮ್ಮ ಬಂದರೆ ಏನು ಹೇಳೋದು ಗುರುಗಳೇ?”

“ನಾನು ಹೇಳಲಾ, ನೀನು ಹೇಳ್ತೀಯಾ?”

ಅಷ್ಟರಲ್ಲಿ ಪೊನ್ನವ್ವ ಬಾಗಿಲಲ್ಲಿದ್ದರು. “ಏನು, ಇಬ್ಬರೂ ಕೋಳಿ ಸಾಕ್ತಾ ಇದ್ದೀರಾ?”

ಜಿನದತ್ತ ಎದ್ದು ನಿಂತ. ಕೈ ಒರೆಸಿಕೊಂಡ. ಗೆರೆಗಳ ವಿಷಯ, ಎಮರಿ ಪೇಪರಿನ ವಿಷಯ, ಬ್ಲೇಡಿನ ವಿಷಯ, ಒಂದನ್ನೂ ಬಿಡದೆ ಹೇಳಿದ. ಹೇಳಿ ಮುಗಿಸಿದಾಗ ಅವನ ಕನ್ನಡಕದ ಗಾಜು ಮಂಜಾಗಿತ್ತು.

ಪೊನ್ನವ್ವ ಶೆಡ್ಡಿನೊಳಗೆ ನಿಂತಿದ್ದ ತಮ್ಮ ಕಾರನ್ನು ಒಮ್ಮೆ ನೋಡಿದರು. ಆಮೇಲೆ ಚೌರಪ್ಪನವರ ಕಡೆ ತಿರುಗಿದರು.

“ನೀವು ಮೊದಲೇ ಮುಟ್ಟಿದ್ದಿರಲ್ಲ. ಮಾವ ಸುಳ್ಳು ಹೇಳಿರಲಿಲ್ಲ ತಾನೇ?”

“ಇಲ್ಲಮ್ಮ. ಮಗಳೇ.”

“ಸರಿ ಬಿಡಿ. ನನಗೆ ಊಟ ಇಳಿಯುತ್ತೆ.” ಜಿನದತ್ತನತ್ತ ಬೆರಳು ತೋರಿಸಿದರು. “ಆದರೆ ಉತ್ತಯ್ಯನಿಗೆ ಇಳಿಯಬೇಕಲ್ಲ? ಭಾನುವಾರ ನೀನೂ ಬಾ ಮರಿ. ನನ್ನ ಕಾರಿನ ಪಕ್ಕ ನಿಲ್ಲು. ಈಗ ನನಗೆ ಹೇಳಿದೆಯಲ್ಲ, ಕೇಳಿದವರಿಗೆಲ್ಲ ಹಾಗೇ ಹೇಳು.”

“ಎಲ್ಲರಿಗೂ?”

“ಗಟ್ಟಿಯಾಗಿ. ಉತ್ತಯ್ಯನ ಎಡಗಿವಿ ಸ್ವಲ್ಪ ಮಂದ.”

ಭಾನುವಾರ ಪರೀಕ್ಷಕರು ಬಾನೆಟ್ಟಿನೊಳಗೆ ಟಾರ್ಚು ಬಿಟ್ಟು ನೋಡಿದರು. “ಮುಖ ಉಜ್ಜಿದ್ದಾರೆ. ಹಿಂದಿನ ಸಾಲು” ಎಂದರು.

“ಉಜ್ಜಿದ್ದು ನಾನು ಸಾರ್” ಎಂದ ಜಿನದತ್ತ. ಎಲ್ಲ ಹೇಳಿದ.

ಪರೀಕ್ಷಕರು ಕೇಳಿಸಿಕೊಂಡು, ತಲೆಯಾಡಿಸಿ, “ನಿನ್ನ ಮಾತು ನಂಬ್ತೀನಪ್ಪ. ಆದರೆ ಸಾಲು ಕಬ್ಬಿಣ ಹೇಳಬೇಕು, ನೀನಲ್ಲ” ಎಂದರು.

“ಹಿಂದಿನ ಸಾಲೇ ಒಳ್ಳೇದು, ಇಲ್ಲಿ ಮರದ ನೆರಳಿದೆ” ಎಂದು ಪೊನ್ನವ್ವ ಕುರ್ಚಿ ಹಾಕಿಸಿಕೊಂಡರು.

ಜನ ಬಂದು ಕೇಳಿದರು. ಜಿನದತ್ತ ಹೇಳಿದ. ಮೊದಮೊದಲು ನೆಲ ನೋಡುತ್ತ ಹೇಳುತ್ತಿದ್ದವನು, ಬರಬರುತ್ತ ಎಮರಿ ಪೇಪರ್ ಹಿಡಿದ ಭಂಗಿಯನ್ನೂ ಮಾಡಿ ತೋರಿಸತೊಡಗಿದ. “ಕನ್ನಡಿ ಹಾಗಿದೆ” ಎಂಬಲ್ಲಿಗೆ ಬಂದಾಗ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಚೌರಪ್ಪ ಪಕ್ಕದಲ್ಲಿ ನಿಂತು ಪ್ರತಿ ಸಲವೂ ಮೊದಲ ಸಲ ಕೇಳುವವರಂತೆ ಕೇಳುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಉತ್ತಯ್ಯ ಬಂದ. ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ. ಈಚೆಗಷ್ಟೇ ಕೊಂಡ ಅವನ ನೀಲಿ ಕಾರು ಮೊದಲ ಸಾಲಿನಲ್ಲಿ ನಿಂತಿತ್ತು.

“ಏನತ್ತಿಗೆ, ಹಿಂದಿನ ಸಾಲು? ನಾನು ಹೇಳಿರಲಿಲ್ಲವಾ?”

“ಈ ಹುಡುಗನನ್ನ ಕೇಳು” ಎಂದರು ಪೊನ್ನವ್ವ.

ಜಿನದತ್ತ ಅವನ ಬಲಗಡೆಗೆ ಬಂದು ನಿಂತು ಗಟ್ಟಿಯಾಗಿ ಹೇಳಿದ. ಈ ಸಲ ಭಂಗಿ ಮಾಡಲಿಲ್ಲ.

ಉತ್ತಯ್ಯ ನಗಲಿಲ್ಲ. “ನಿನಗೆ ಅತ್ತಿಗೆ ಹೇಳಿಕೊಟ್ಟಿದ್ದಾರಾ?”

“ಇಲ್ಲ ಸಾರ್.”

“ಬೆಳಿಗ್ಗೆಯಿಂದ ಇದನ್ನೇ ಹೇಳ್ತಿದ್ದೀಯಂತೆ. ನಾಚಿಕೆ ಆಗಲ್ವಾ?”

“ಆಗುತ್ತೆ ಸಾರ್.”

ಉತ್ತಯ್ಯ ಅವನನ್ನೇ ನೋಡಿದ. “ಸುಳ್ಳು ಹೇಳೋನು ತನ್ನ ಮರ್ಯಾದೆ ಉಳಿಸೋ ಸುಳ್ಳು ಹೇಳ್ತಾನೆ. ಕಳೆಯೋ ಸುಳ್ಳು ಯಾರಾದರೂ ಹೇಳ್ತಾರಾ?” ಆ ಮಾತು ಯಾರಿಗೂ ಹೇಳಿದಂತಿರಲಿಲ್ಲ. ಅವನು ಹಾಗಲಕಾಯಿ ಬಣ್ಣದ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. “ಅಂದರೆ ಅಪ್ಪ ನಿಜ ಹೇಳಿದ್ದರು.”

ಪೊನ್ನವ್ವ ಕಿತ್ತಳೆ ಸುಲಿಯುತ್ತಿದ್ದರು. ಒಂದು ತೊಳೆ ಬಿಡಿಸಿ ಅವನ ಕೈಗಿಟ್ಟರು. ಅವನು ಬಾಯಿಗೆ ಹಾಕಿಕೊಂಡ.

“ಹುಳಿ” ಎಂದ.

“ನಿಮ್ಮಪ್ಪನ ಮರದ್ದೇ” ಎಂದರು ಪೊನ್ನವ್ವ.

ಉತ್ತಯ್ಯ ಇನ್ನೂ ಹೊರಡಲಿಲ್ಲ. ಮೊದಲ ಸಾಲಿನ ಕಡೆ ಒಮ್ಮೆ ತಿರುಗಿ ನೋಡಿದ. ಮೀಸೆ ತಿರುವಿದ. ದನಿ ತಗ್ಗಿಸಿ ಚೌರಪ್ಪನವರನ್ನು ಕೇಳಿದ.

“ಮೇಸ್ತ್ರಿ, ಆ ನೀಲಿ ಕಾರು ನನ್ನದು. ಪರೀಕ್ಷಕರು ಸರಿಯಾಗಿದೆ ಅಂದರು. ಆದರೂ... ಸುಮ್ಮನೆ ಒಮ್ಮೆ ನೋಡಿ ಒಂದು ಮಾತು ಹೇಳ್ತೀರಾ?”

“ಅದಕ್ಕೇನು, ಬನ್ನಿ.”

ಎಲ್ಲರೂ ಮೊದಲ ಸಾಲಿಗೆ ನಡೆದರು. ಬಾನೆಟ್ ಎತ್ತಿದರು. ಒಳಗೆ ಇಂಜಿನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಜಿನದತ್ತ ಎಂದಿನಂತೆ ಮುಂದೆ ಬಗ್ಗಿ ಅಕ್ಷರಗಳನ್ನು ಓದಿದ. ಅಂಕಿಗಳನ್ನು ಹೇಳಿದ. ಎಲ್ಲ ಸರಿಯಾಗಿತ್ತು. ಓದಿ ಮುಗಿಸಿ, ಎಂದಿನಂತೆ ಗುರುಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಚೌರಪ್ಪನವರ ಕೈ ತಮ್ಮ ಕನ್ನಡಕದ ತನಕ ಹೋಯಿತು. ಅದನ್ನು ಮೂಗಿನ ಮೇಲೆ ಇನ್ನೂ ಭದ್ರವಾಗಿ ಕೂರಿಸಿತು. ಆಮೇಲೆ ಆ ಕೈ ಶಿಷ್ಯನ ಮುಂದೆ ಚಾಚಿಕೊಂಡಿತು.

“ಎಲ್ಲಿ, ನಿನ್ನ ಕನ್ನಡಕ ಸ್ವಲ್ಪ ಇಲ್ಲಿ ಕೊಡು.”